ಯಜಮಾನರ ತೂಕದಷ್ಟು ಶಕ್ತಿ

ಹೋದ ಮಾಗಿಯಲ್ಲಿ ನೀವೇನಾದರೂ ಕೋಲಾರದ ನಮ್ಮ ಮನೆಗೆ ಬಂದಿದ್ದರೆ, ರಾಗಿ ಕೇರುವ ಮೊರದಲ್ಲಿ ರಾಗಿಯ ಬದಲು ಕಾರಿನ ವಾಲ್ವುಗಳು ಸಾಲಾಗಿ ಮಲಗಿದ್ದನ್ನು ಕಂಡು, ಈ ಹೆಂಗಸಿಗೆ ತಲೆ ಕೆಟ್ಟಿದೆಯೆಂದು ನಿಶ್ಚಯಿಸಿಕೊಂಡು, ಕಾಫಿಯನ್ನೂ ಕುಡಿಯದೆ ಹೊರಟುಹೋಗುತ್ತಿದ್ದಿರೋ ಏನೋ. ಸಾಸಿವೆ ಡಬ್ಬದಲ್ಲಿ ನಟ್ಟು, ಮೆಂತ್ಯದ ಡಬ್ಬದಲ್ಲಿ ಬೋಲ್ಟು. ಒಂದು ದಿನ ಒಗ್ಗರಣೆಗೆಂದು ಕೈಹಾಕಿ ಎರಡು ವಾಷರುಗಳನ್ನು ಎಣ್ಣೆಗೆ ಬಿಟ್ಟು, ಅವು ಸಿಡಿಯಲಿಲ್ಲವೆಂದು ನಾನು ಉರಿ ದೊಡ್ಡದು ಮಾಡಿದ್ದೂ ಉಂಟು. ನಗಬೇಡಿ, ಕನ್ನಡಕ ಹಾಕಿರಲಿಲ್ಲ.

ಕಾರು ನನ್ನದು. ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿದ್ದ ನನ್ನ ಸೋದರಮಾವ, ಊರಿಗೆ ಹಿಂದಿರುಗುತ್ತಿದ್ದ ಇಂಗ್ಲಿಷ್ ಅಧಿಕಾರಿಯೊಬ್ಬರಿಂದ ಕೊಂಡು ವರ್ಷಗಟ್ಟಲೆ ಮುದ್ದು ಮಾಡಿ ಇಟ್ಟುಕೊಂಡಿದ್ದ ಎರಡೇ ಸೀಟಿನ, ತೊಂಡೆಹಣ್ಣಿನ ಬಣ್ಣದ ಸ್ಪೋರ್ಟ್ಸ್ ಕಾರು ಅದು. ಮಿಕ್ಕ ನೆಂಟರೆಲ್ಲ ನನ್ನ ಮದುವೆಗೆ ಸ್ಟೀಲು ಕೊಳಗ, ಗೋಡೆ ಗಡಿಯಾರ ಹಿಡಿದು ಬಂದರೆ ಮಾವ ಇದರ ಕೀಲಿಯನ್ನು ಅಂಗೈಗಿಟ್ಟು, "ನೀನೇ ಓಡಿಸ್ಬೇಕು ಕಣಮ್ಮಾ, ಅಳಿಯಂದಿರನ್ನ ಪಕ್ಕದಲ್ಲಿ ಕೂರಿಸ್ಕೋ" ಎಂದ. ಅಳಿಯಂದಿರು, ಅಂದರೆ ನಮ್ಮ ಯಜಮಾನರು, ಹಾಲಿನ ಡೇರಿಯ ನೌಕರರು. ಅವರಿಗೆ ಸೈಕಲ್ಲಿನಿಂದಾಚೆಗೆ ಯಾವ ವಾಹನದ ಮೇಲೂ ಭರವಸೆ ಇಲ್ಲ. ಆದರೂ ಅಂದಿನಿಂದ ಇಂದಿನವರೆಗೆ ಆ ಪಕ್ಕದ ಸೀಟು ಅವರದೇ.

ಪೂರ್ತಿ ಅವರದೇ ಎಂದರೆ ಸುಳ್ಳಾಗುತ್ತದೆ. ಯಜಮಾನರ ಅಕ್ಕನ ಮನೆ ತೇರಹಳ್ಳಿ ಬೆಟ್ಟದ ಮೇಲಿದೆ. ಭಾನುವಾರ ಅಲ್ಲಿಗೆ ಊಟಕ್ಕೆ ಹೋಗುವುದು ನಮ್ಮ ರೂಢಿ. ಅರ್ಧ ದಾರಿಯಲ್ಲಿ ಹುಣಸೆಮರದ ತಿರುವಿದೆಯಲ್ಲ, ಅಲ್ಲಿಗೆ ಬಂದೊಡನೆ ನಮ್ಮ ಸುಂದರಿ ಕೆಮ್ಮಿ, ನಡುಗಿ, ಇಬ್ಬರನ್ನು ಹೊರಲಾರೆನೆಂದು ನಿಂತುಬಿಡುತ್ತಿದ್ದಳು. ಆಗ ಯಜಮಾನರು ಬಾಗಿಲು ತೆರೆದು, ಪಂಚೆ ಎತ್ತಿ ಕಟ್ಟಿ, ನಡೆದು ಬರುತ್ತಿದ್ದರು; ನಾನು ಒಬ್ಬಳೇ ಏರಿ ಮೇಲೆ ಕಾಯುತ್ತಿದ್ದೆ. ಎದುರಿಗೆ ಬರುವ ಟ್ರ್ಯಾಕ್ಟರಿನವರು "ಏನ್ ಸ್ವಾಮಿ, ಜಗಳವಾ?" ಎಂದು ಕೇಳಿದರೆ "ಇಲ್ಲಪ್ಪ, ಗಾಳಿ ಸೇವನೆ" ಎನ್ನುತ್ತಿದ್ದರು.

ಈಚೆಗೆ ಅವರ ಮಂಡಿ ನೋಯತೊಡಗಿತು. ಒಂದು ಭಾನುವಾರ ಬೆಟ್ಟದ ಮೇಲೆ ಏದುಸಿರು ಬಿಡುತ್ತ ಬಂದವರು ಕಲ್ಲಿನ ಮೇಲೆ ಕುಳಿತು ಹೇಳಿಯೇಬಿಟ್ಟರು. "ನೋಡೇ, ಇಬ್ಬರನ್ನೂ ಹೊತ್ಕೊಂಡು ಹತ್ತಿದ್ರೆ ಇರ್ಲಿ. ಇಲ್ಲಾಂದ್ರೆ ಯುಗಾದಿ ಹೊತ್ತಿಗೆ ಕೊಟ್ಬಿಡೋಣ. ಬೆಂಗಳೂರಿನವರೊಬ್ರು ಕೇಳ್ತಾನೇ ಇದಾರೆ." ಮಾವ ಹೋಗಿ ಎಷ್ಟೋ ಕಾಲವಾಗಿದೆ. ಆ ಸ್ಟೀರಿಂಗ್ ಹಿಡಿದಾಗಲೆಲ್ಲ ಅವನ ಕೈ ನನ್ನ ಕೈಮೇಲೆ ಇದ್ದಂತೆಯೇ ನನಗೆ. ಆದರೆ ಗಂಡನ ಮಂಡಿಯ ಮುಂದೆ ಏನೆಂದು ವಾದಿಸಲಿ?

ಹೀಗೆ ಎಂಜಿನ್ ಬಿಚ್ಚುವ ಪ್ರಸಂಗ ಬಂತು. ವಿದೇಶದಿಂದ ಶಕ್ತಿವರ್ಧಕ ಭಾಗಗಳನ್ನು ತರಿಸುವುದು ಶಾಲೆಯಲ್ಲಿ ಕನ್ನಡ ಕಲಿಸುವ ನನ್ನಂಥ ಮೇಡಂ ಕೈಗೆಟುಕುವ ಮಾತಲ್ಲ. ಮುಳಬಾಗಿಲಿನಲ್ಲಿ ಗ್ಯಾರೇಜು ಇಟ್ಟಿರುವ, ತಾಯಲೂರು ಕಡೆಯ ಮುನಿರಾಜು ಮಾತ್ರ ಎದೆ ತಟ್ಟಿಕೊಂಡು, "ಅಕ್ಕಾ, ಇದ್ದದ್ದರಲ್ಲೇ ಹುಲಿ ಮಾಡ್ತೀನಿ, ನೋಡ್ತಿರಿ" ಎಂದ. ಅವನ ಉಪಾಯ ಸರಳ. ಸಿಲಿಂಡರಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿನ ತಳವನ್ನು ಯಂತ್ರಕ್ಕೆ ಕೊಟ್ಟು ಒಂದಿಷ್ಟು ಸವರಿಸಿದರೆ ಒಳಗಿನ ಜಾಗ ಕಿರಿದಾಗುತ್ತದೆ. ಅದೇ ಪೆಟ್ರೋಲು ಇಕ್ಕಟ್ಟಿನಲ್ಲಿ ಉರಿದು ಹೆಚ್ಚು ರಭಸದಿಂದ ದೂಡುತ್ತದೆ. ಹೊಸದಾಗಿ ಏನನ್ನೂ ಕೂಡಿಸದೆ, ಇದ್ದುದರಲ್ಲಿ ಸ್ವಲ್ಪ ಕಳೆದು ಬಲ ಪಡೆಯುವ ಈ ಲೆಕ್ಕ ನನಗೆ ಬಹಳ ಹಿಡಿಸಿತು.

ಹೆಡ್ಡನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಮಾಲೂರಿನ ಮಷೀನ್ ಶಾಪಿಗೆ ಹೋದೆವು. ಯಂತ್ರದ ಮುಂದಿದ್ದವನು ಬಸವರಾಜ, ಹುಬ್ಬಳ್ಳಿ ಕಡೆಯಿಂದ ಹೊಸದಾಗಿ ಬಂದವನು. ತೆಳ್ಳಗೆ ಪುಡಿ ಏಳುತ್ತಿತ್ತು, ತಳ ಕನ್ನಡಿಯಂತೆ ಹೊಳೆಯತೊಡಗಿತ್ತು. ಮುನಿರಾಜು ಬಗ್ಗಿ ನೋಡಿ, ತೃಪ್ತಿಯಿಂದ, ಮನೆಮಾತು ತೆಲುಗಿನಲ್ಲಿ "ಚಾಲು, ಚಾಲು!" ಎಂದ. ಸಾಕು ಎಂದರ್ಥ. ಬಸವರಾಜ ತಲೆಯಾಡಿಸಿ "ಹೂಂ ರೀ, ಚಾಲೂನ ಐತಿ" ಎಂದು ಮತ್ತೊಂದು ಸುತ್ತು ಬಿಟ್ಟ. "ಚಾಲಯ್ಯಾ, ಚಾಲು!" ಎಂದು ಇವನು ಕೂಗಿದಷ್ಟೂ ಅವನು ಉತ್ಸಾಹದಿಂದ ಸವರಿದ. ಕೊನೆಗೆ ಮುನಿರಾಜು ಹಾರಿಹೋಗಿ ಸ್ವಿಚ್ಚು ಒತ್ತಿ ಯಂತ್ರವನ್ನು ನಿಲ್ಲಿಸಿದ. "ನೀವ ಚಾಲೂ ಅಂದ್ರಲ್ರೀ, ಅದಕ್ಕ ಚಾಲೂ ಇಟ್ಟೇನಿ!" ಎಂದು ಬಸವರಾಜ ಕಣ್ಣು ಕಣ್ಣು ಬಿಟ್ಟ.

ಅಯ್ಯೋ ನಮ್ಮ ನಾಡೇ! ಒಬ್ಬನಿಗೆ ಸಾಕು ಎಂಬ ಮಾತು ಇನ್ನೊಬ್ಬನಿಗೆ ನಡೆಯಲಿ ಎಂಬ ಮಾತು. ಎರಡರ ನಡುವೆ ಹುಟ್ಟಿ ಬೆಳೆದ ನಾನು ಬೆಳಗ್ಗೆ ಮೋಟಾರು ಚಾಲೂ ಮಾಡುತ್ತೇನೆ, ಮಧ್ಯಾಹ್ನ ಪಕ್ಕದ ಮನೆಯಾಕೆ ಸಾರು ಬಡಿಸುವಾಗ ಚಾಲು ಎನ್ನುತ್ತೇನೆ, ಎಂದೂ ಗೊಂದಲವಾದದ್ದಿಲ್ಲ. ಮನುಷ್ಯನ ಅರ್ಧ ದುಃಖ ಈ ಎರಡು ಅರ್ಥಗಳನ್ನು ಅದಲು ಬದಲು ಮಾಡಿಕೊಳ್ಳುವುದರಲ್ಲೇ ಇದೆಯೇನೋ ಎಂದು ಆಮೇಲೆ ಬಸ್ಸಿನಲ್ಲಿ ತೋಚಿತು. ಆ ಕ್ಷಣದಲ್ಲಿ ಮಾತ್ರ ತತ್ತ್ವ ಎಲ್ಲಿಯದು, ಸವೆದ ತಳವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಸವೆದ ಕಬ್ಬಿಣ ಮತ್ತೆ ಬೆಳೆಯುವುದಿಲ್ಲ. ಹೀಗೆಯೇ ಕೂರಿಸಿದರೆ ಇಕ್ಕಟ್ಟು ಅತಿಯಾಗಿ ಎಂಜಿನ್ನೇ ಒಡೆಯುತ್ತದೆಂದ ಮುನಿರಾಜು, ಇಂಥ ಇನ್ನೊಂದು ಹೆಡ್ಡು ಎಲ್ಲಿ ಸಿಕ್ಕೀತೆಂದು ಕೇಳಿದರೆ, ಈಗ ಎಲ್ಲೂ ಸಿಗದೆಂದು ಅದನ್ನು ಮತ್ತೆ ಸೀರೆಯಲ್ಲಿ ಸುತ್ತತೊಡಗಿದ.

ಮನೆಗೆ ಬಂದು ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಬೆಂಗಳೂರಿನವರಿಗೆ ಫೋನು ಮಾಡಿ ಎಂದೂ ಹೇಳಿದೆ. ಅವರು ಮಾಡಲಿಲ್ಲ. ಮುನಿರಾಜುವಿಗೆ ಮಾಡಿದರು. "ಹೆಚ್ಚಿಗೆ ಸವೆದಷ್ಟು ದಪ್ಪಕ್ಕೆ ನಡುವೆ ಏನಾದ್ರೂ ಇಟ್ರೆ ಆಗಲ್ವೇನಪ್ಪಾ?" ಎಂದು ಕೇಳಿದರು. ತಾಮ್ರದ ದಪ್ಪ ತಗಡು ಸಿಕ್ಕರೆ ಹೆಡ್ಡಿಗೂ ಸಿಲಿಂಡರಿಗೂ ನಡುವೆ ಕೂರಿಸಬಹುದು ಎಂದು ಆ ಕಡೆಯಿಂದ ಉತ್ತರ ಬಂತು. ಯಜಮಾನರು ನೋಯುವ ಮಂಡಿಯಲ್ಲೇ ಏಣಿ ಹತ್ತಿ, ಅಟ್ಟದಿಂದ ನಮ್ಮತ್ತೆಯ ಕಾಲದ ತಾಮ್ರದ ಹರಿವಾಣವನ್ನು ಇಳಿಸಿ ತಂದರು. ಶ್ರಾವಣಕ್ಕೊಮ್ಮೆ ಯಜಮಾನರು ಹುಣಸೆಹಣ್ಣು ಹಚ್ಚಿ ಬೆಳಗಿ, ಯಾರಿಗೂ ಮುಟ್ಟಗೊಡದೆ ತಾವೇ ಎತ್ತಿಡುತ್ತಿದ್ದ ಹರಿವಾಣ ಅದು.

"ಬೇಡ ಕಣ್ರೀ" ಎಂದೆ.

"ಸುಮ್ನಿರೇ. ನಂಗೂ ಒಂದ್ಸಲ ಕೂತ್ಕೊಂಡೇ ಹತ್ಬೇಕು ಅಂತ ಆಸೆ ಇಲ್ವಾ?"

ಇಷ್ಟು ವರ್ಷ ಸಂಸಾರ ಮಾಡಿದರೂ ಈ ಮನುಷ್ಯನಿಗೆ ಹೀಗೊಂದು ಆಸೆ ಇದ್ದದ್ದು ನನಗೆ ತಿಳಿದಿರಲಿಲ್ಲ. ಗಾಳಿ ಸೇವನೆ ಎನ್ನುವುದನ್ನು ನಾನೂ ಟ್ರ್ಯಾಕ್ಟರಿನವರಂತೆ ನಂಬಿದ್ದೆ. ಸಂಕಟವೂ ಆಯಿತು, ಅದಕ್ಕಿಂತ ಹೆಚ್ಚು ಪ್ರೀತಿ ಉಕ್ಕಿ ಬಂತು.

ಮುನಿರಾಜು ಹರಿವಾಣವನ್ನು ಕೆಂಪಗೆ ಕಾಯಿಸಿ, ಆರಿಸಿ, ಮೆದುವಾದ ಮೇಲೆ ಸಮತಟ್ಟಾಗಿ ತಟ್ಟಿ, ತೂತುಗಳನ್ನು ಅಳೆದು ಕೊರೆದ. ಮೊದಲ ಸಲ ಕೊರೆದದ್ದು ಒಂದು ಕಡೆ ಕೂರದೆ ಅರದಿಂದ ಉಜ್ಜಿ ಸರಿಮಾಡಿದ. ಬಾಯಲ್ಲಿ ಹುಲಿಯ ಮಾತು ಮಾತ್ರ ನಿಂತಿರಲಿಲ್ಲ. ವಾಲ್ವುಗಳನ್ನು ಪೇಸ್ಟು ಹಚ್ಚಿ ತಿಕ್ಕಿ ಕೂರಿಸುವ ಕೆಲಸ ನನ್ನದಾಯಿತು. ಅದನ್ನು ಮಾಡುತ್ತ ಯೋಚಿಸುತ್ತಿದ್ದೆ. ಶಕ್ತಿ ಎಂದರೆ ಎಲ್ಲರಿಗೂ ಅಪರಿಮಿತವಾದದ್ದೇ ಕಣ್ಣಿಗೆ ಕಟ್ಟುತ್ತದೆ. ಹೆದ್ದಾರಿಯಲ್ಲಿ ನಮ್ಮನ್ನು ದಾಟಿ ಹೋಗುವ ಹುಡುಗರ ಕಾರುಗಳನ್ನು ನೋಡಿದರೆ ಅವರಿಗೆ ಎಷ್ಟಿದ್ದರೂ ಸಾಲದು. ನಮಗೆ ಬೇಕಿದ್ದ ಹೆಚ್ಚುವರಿ ಶಕ್ತಿ ಒಬ್ಬ ಯಜಮಾನರ ತೂಕದಷ್ಟು. ಕೇಳುವುದು ಇಷ್ಟೇ ಎಂದು ತಿಳಿದಿದ್ದರೆ ಬಡತನವೂ ಅಷ್ಟಾಗಿ ಕಾಡುವುದಿಲ್ಲ.

ಯುಗಾದಿಗೆ ಮುಂಚಿನ ಭಾನುವಾರ ಹೊರಟೆವು. ಎಂಜಿನ್ನಿನ ದನಿ ತುಂಬಿ ಬಂದಿತ್ತು. ಯಜಮಾನರು ಮಡಿಲಲ್ಲಿ ಅಕ್ಕನಿಗೆಂದು ಹೂವಿನ ಪೊಟ್ಟಣ ಇಟ್ಟುಕೊಂಡು ಕುಳಿತಿದ್ದರು. ಹುಣಸೆಮರ ಕಾಣಿಸಿದ್ದೇ ತಡ, ಅವರ ಎಡಗೈ ತನ್ನಷ್ಟಕ್ಕೆ ಬಾಗಿಲಿನ ಹಿಡಿಗೆ ಹೋಯಿತು.

"ಇಳೀಲೇನೇ?"

"ಕೂತ್ಕೊಳ್ರೀ ಸುಮ್ನೆ."

ಎರಡನೆಯ ಗೇರಿಗೆ ಇಳಿಸಿದೆ. ದನಿ ಒಮ್ಮೆ ಕುಗ್ಗಿತು. ಮರುಕ್ಷಣ ಕಾರು ಮೂತಿ ಎತ್ತಿ ಎಳೆಯಿತು, ಎಳೆಯಿತು, ಮರ ನಮ್ಮ ಹಿಂದಕ್ಕೆ ಸರಿಯಿತು. ಯಜಮಾನರು ಕತ್ತು ತಿರುಗಿಸಿ ಅದು ಮರೆಯಾಗುವವರೆಗೂ ನೋಡಿದರು. ಅಲ್ಲಿಂದ ಮೇಲಕ್ಕೆ ನನ್ನ ಪಕ್ಕದ ಸೀಟಿನಲ್ಲಿ ಅಂದಿನವರೆಗೆ ಎಂದೂ ಯಾರೂ ಇದ್ದದ್ದಿಲ್ಲ. ಸಂತೋಷಕ್ಕೆ ನನ್ನ ಕಣ್ಣು ಮಂಜಾಗಿ, ದಾರಿ ಕಾಣದೆ, ಸೆರಗಿನಲ್ಲಿ ಒರೆಸಿಕೊಂಡು ಇನ್ನಷ್ಟು ಆಕ್ಸಿಲರೇಟರ್ ಒತ್ತಿದೆ.

ಅವರು ಬಾಗಿಲಿನ ಹಿಡಿ ಬಿಟ್ಟು ಹಿಂದಕ್ಕೆ ಒರಗಿ ಕುಳಿತರು.

"ಸ್ವಲ್ಪ ನಿಧಾನಕ್ಕೆ ಹೋಗೇ" ಎಂದರು. "ಅಕ್ಕನ ಮನೆ ಬಂದ್ಬಿಡುತ್ತೆ."