ಪುಡಿ ಯಾರದು ಎಂದು ಕೇಳಿದ ಮಾದಮ್ಮ

ಮೊನ್ನೆ ಮೊರಪ್ಪೂರು ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಾಗ ಪಕ್ಕದ ಹೆಂಗಸೊಬ್ಬಳು ಮಗುವಿಗೆಂದು ಪುಡಿಡಬ್ಬಿಯ ಮುಚ್ಚಳ ತೆಗೆದಳು. ವೆನಿಲ್ಲಾ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ನಿಮಗಾದರೆ ಐಸ್‌ಕ್ರೀಂ ನೆನಪಾಗಬಹುದು; ನನಗೆ ಸಿಟ್ಟು ಬಂತು. ತಡೆಯಿರಿ, ಕಾರಣ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಸೇಲಂನ ಡಾಕ್ಟರೊಬ್ಬರು, ರಕ್ತ ಕಡಿಮೆಯಿರುವ ಹೆಂಗಸರಿಗೆ ಇದೇ ವಾಸನೆಯ ಒಂದು ಪುಡಿ ಕುಡಿಸಿ ಗುಣ ಕಾಣುತ್ತದೆಯೇ ಎಂದು ಸಂಶೋಧನೆ ನಡೆಸುತ್ತಿದ್ದರು. ಅಲ್ಲಿನ ಪಾಲಮಲೆ ಬೆಟ್ಟದ ಕನ್ನಡ ಮಾತಾಡುವ ಊರುಗಳಲ್ಲಿ ಒಪ್ಪಿಗೆಪತ್ರವನ್ನು ಕನ್ನಡದಲ್ಲಿ ವಿವರಿಸುವವರು ಬೇಕಿತ್ತು, ನಾನು ಸಿಕ್ಕಿದೆ. ಬ್ಯಾಗು ತಗುಲಿಸಿಕೊಂಡು ಬೆಟ್ಟ ಹತ್ತುವಾಗ ನಾನೇ ಅರ್ಧ ಡಾಕ್ಟರೆಂಬ ಗತ್ತು ನನಗೆ.

ಅಲ್ಲಿ ರಾಗಿ ಬೆಳೆಯುವ ಮಾದಮ್ಮ, ಹೆಬ್ಬೆಟ್ಟು ಒತ್ತುವ ಮೊದಲು ಕೇಳಿದಳು: "ಈ ಪುಡಿ ಯಾರ್ದು? ನಾವ್ ಕುಡಿದ್ರೆ ಡಾಕ್ಟರ್‌ಗೇನು ಲಾಭ?"

"ಏನೂ ಇಲ್ಲಕ್ಕ, ಕಾಗ್ದದಲ್ಲೇ ಬರ್ದವ್ರೆ," ಎಂದೆ. ಬರೆದಿತ್ತು ಕೂಡ. ಅವಳು ಒತ್ತಿದ್ದು ನೋಡಿ ಉಳಿದವರೂ ಒತ್ತಿದರು.

ಆರು ತಿಂಗಳಾದ ಮೇಲೆ ಡಬ್ಬಿಗಳ ಜೊತೆ ಬಂದ ಪುಡಿ ಕಂಪನಿಯ ಬಿಲ್ಲು ನನ್ನ ಕೈಗೆ ಸಿಕ್ಕಿತು. 'ಪಾಲುದಾರರು' ಎಂದಿದ್ದ ಕಡೆ ಡಾಕ್ಟರ ಹೆಂಡತಿಯ ಹೆಸರು, ಸಹಿ!

ನೇರ ಹೋಗಿ ಕೇಳಿದೆ. "ಅದೆಲ್ಲಾಂ ಪೆರುಸಾ ಎಡುತ್ತುಕ್ಕಾದೀಂಗಮ್ಮಾ," ಎಂದರು ಡಾಕ್ಟರು ತಮಿಳಿನಲ್ಲಿ, ಅದನ್ನೆಲ್ಲ ದೊಡ್ಡದು ಮಾಡಬೇಡಿ ಎಂಬಂತೆ. ಸಂಶೋಧನೆಗೆ ಅನುಮತಿ ಪಡೆಯುವ ಫಾರಂನಲ್ಲಿ ಕೇಳಿದ್ದು ತಮ್ಮ ಲಾಭದ ಬಗ್ಗೆಯಂತೆ, ಹೆಂಡತಿಯದ್ದಲ್ಲವಂತೆ. ಕೊನೆಗೆ ನಗುತ್ತ, ನಿಮ್ಮ ಸಂಬಳ ಕೊಡುವುದೂ ಅದೇ ಕಂಪನಿಯಲ್ಲವೇ ಎಂದರು. ತಿಂಗಳು ತಿಂಗಳೂ ಎಣಿಸಿಕೊಂಡವಳು ಯಾರ ದುಡ್ಡೆಂದು ಒಮ್ಮೆಯಾದರೂ ಕೇಳಿದ್ದೆನೇ?

ಸಂಶೋಧನೆಗಳ ಮೇಲೆ ಕಣ್ಣಿಡುವ ಆಸ್ಪತ್ರೆಯ ಸಮಿತಿಗೆ ಪತ್ರ ಬರೆದೆ. ಅಲೆದೆ. ಮತ್ತೆ ಬರೆದೆ. ಕಡೆಗೆ ಪ್ರಕಟವಾದ ಲೇಖನದ ಬಾಲದಲ್ಲಿ, ಇರುವೆಯಂಥ ಇಂಗ್ಲಿಷ್ ಅಕ್ಷರದಲ್ಲಿ, ಹೆಂಡತಿಯ ಪಾಲಿನ ಬಗ್ಗೆ ಒಂದೇ ಒಂದು ಸಾಲು ಬಂತು. ವಿಷಯ ಮುಗಿಯಿತಂತೆ! ಪಾಲಮಲೆಯಲ್ಲಿ ಅದನ್ನು ಓದುವವರು ಯಾರು, ನೀವೇ ಹೇಳಿ.

ನಾನೇ ಬೆಟ್ಟ ಹತ್ತಿದೆ. ನನ್ನ ಸಂಬಳದ ಸಂಗತಿಯನ್ನೂ ಸೇರಿಸಿ ಎಲ್ಲ ಹೇಳಿದೆ. ಮಾದಮ್ಮ ಬೈದಿದ್ದರೆ ಹಗುರಾಗುತ್ತಿತ್ತು.

"ಪುಡಿ ಒಳ್ಳೇದೇ ಇರ್ಬೌದು ಕಣಮ್ಮ," ಎಂದಳು. "ಆದ್ರೆ ನಾನ್ ಕೇಳ್ದಾಗ ಇಲ್ಲ ಅಂದ್ಯಲ್ಲ. ನಿನ್ ಮಾತ್ ನಂಬ್ಕೊಂಡು ಸೊಸೆ ಕೈಲೂ ಎಬ್ಬೆಟ್ಟು ಒತ್ತಿಸ್ದೆ."

ಆ ಕೆಲಸ ಬಿಟ್ಟೆ. ಈಗ ಬೇರೆ ಸಂಶೋಧನೆ, ಸಕ್ಕರೆ ಕಾಯಿಲೆಯ ಮಾತ್ರೆಯದು. ಹೋದ ವಾರ ಹೊಗೆನಕಲ್ ಹತ್ತಿರದ ಊರಿನಲ್ಲಿ ಫಾರಂ ತೆಗೆಯುವ ಮೊದಲೇ ಹೇಳಿಬಿಟ್ಟೆ: "ಇದಕ್ಕೆ ಕಾಸು ಕೊಡೋದು ಮಾತ್ರೆ ಕಂಪನಿ. ನನ್ ಸಂಬಳಾನೂ ಅವರ್ದೇ." ಅರ್ಧ ಜನ ಎದ್ದು ಹೋದರು. ಉಳಿದವರಲ್ಲಿ ಹರಿಗೋಲು ನಡೆಸುವ ಒಬ್ಬ ಮುದುಕ, "ಅದ್ನ ಎಲ್ ಬರ್ದವ್ರೆ, ತೋರ್ಸು," ಎಂದ.

ಹುಡುಕಿದೆ. ಕೊನೆಯ ಪುಟದ ಕೊನೆಯ ಸಾಲಿನಲ್ಲಿತ್ತು.

"ಮೊದಲ್ನೇ ಪುಟಕ್ಕೆ ಆಕ್ಸ್ಕೊಂಡ್ ಬಾ. ಆಮೇಲ್ ನೋಡಾವ."

ಫಾರಂಗಳನ್ನೆಲ್ಲ ವಾಪಸು ಕಳಿಸಿದ್ದೇನೆ. ಕೆಲಸ ಯಾಕೆ ನಿಂತಿದೆ ಎಂದು ಮೇಲಿನವರು ದಿನವೂ ಫೋನಿನಲ್ಲಿ ರೇಗುತ್ತಾರೆ. ಆ ಸಾಲು ಮೊದಲ ಪುಟಕ್ಕೆ ಬರಲಿ, ಹೋಗುತ್ತೇನೆ ಎನ್ನುತ್ತೇನೆ. ಇನ್ನೂ ಬಂದಿಲ್ಲ.