ಮುಟ್ಟಲ್ಲದ ಮೂರು ದಿನ

ರಾಯಚೂರಿನ ಹೊಟ್ಟೆ ಡಾಕ್ಟರರ ಕೋಣೆಗೆ ಬಾಗಿಲೇನೋ ಇದೆ, ಅದನ್ನು ಮುಚ್ಚಿದ್ದು ಮಾತ್ರ ನಾನು ಕಂಡಿರಲಿಲ್ಲ. ಒಬ್ಬರನ್ನು ನೋಡುತ್ತಿರುವಾಗಲೇ ಮುಂದಿನ ನಾಲ್ಕು ಮಂದಿ ಒಳಗೆ ಬಂದು ಗೋಡೆಗೆ ಒರಗಿ ನಿಂತಿರುತ್ತಾರೆ. ಅವರೆಲ್ಲರ ಎದುರಿಗೇ ಡಾಕ್ಟರು ಕೇಳಿದರು.

"ದಿನಕ್ಕ ಎಷ್ಟು ಸಲ ಹೋಗ್ತೀರಿ? ರಕ್ತ ಇನ್ನೂ ಬರ್ತದೇನು?"

ಪಕ್ಕದಲ್ಲಿ ಗಂಡ. ಗೋಡೆಯ ಸಾಲಿನಲ್ಲಿ ನಮ್ಮ ಮಾನ್ವಿಯ ಕಿರಾಣಿ ಅಂಗಡಿಯವರು. ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಬಾಯಿಂದ ಗುದದ್ವಾರದವರೆಗೆ ಹಲಗೆಯ ಮೇಲೆ ಚಿತ್ರ ಬರೆದು, ಮುಸಿಮುಸಿ ನಗುವ ಮಕ್ಕಳನ್ನು ಗದರಿಸುವವಳು. "ಎರಡು ಸಲರೀ. ರಕ್ತ ನಿಂತದ" ಎಂದೆ. ಡಾಕ್ಟರು ಖುಷಿಯಿಂದ ಗುಳಿಗೆ ಕಡಿಮೆ ಮಾಡಿದರು. ಡಾಕ್ಟರ ಮುಂದೆ, ವಕೀಲರ ಮುಂದೆ ಮುಚ್ಚಿಡಬಾರದು ಅಂತಾರೆ. ಹೇಳುವವರಿಗೇನು, ಅವರ ಹಿಂದೆ ಕಿರಾಣಿ ಅಂಗಡಿಯವರು ನಿಂತಿರುವುದಿಲ್ಲ.

ನನ್ನದು ದೊಡ್ಡ ಕರುಳಿನಲ್ಲಿ ಹುಣ್ಣಾಗಿ ರಕ್ತ ಹೋಗುವ ರೋಗ. ಕೊಲ್ಲುವುದಿಲ್ಲ, ಬಿಟ್ಟೂ ಹೋಗುವುದಿಲ್ಲ. ದೇವದುರ್ಗದ ತವರಿಗೆ ಬಸ್ಸಿನಲ್ಲಿ ಹೋಗಬೇಕೆಂದರೆ ಹಿಂದಿನ ದಿನದಿಂದಲೇ ಉಪವಾಸ ಇರುತ್ತಿದ್ದೆ. ಕೇಳಿದವರಿಗೆ ವ್ರತ ಎನ್ನುತ್ತಿದ್ದೆ. ನನ್ನಂಥ ದೈವಭಕ್ತೆ ಇನ್ನೊಬ್ಬಳಿಲ್ಲ ಎಂದು ತವರಲ್ಲಿ ಹೆಸರಾಯಿತು.

ಆಮೇಲೆ ಮಾವನವರ ಶ್ರಾದ್ಧ ಬಂತು. ಅತ್ತೆಯ ಕೈ ನಡುಗಲು ಶುರುವಾದ ಮೇಲೆ ಆ ಅಡಿಗೆ ನನ್ನ ಪಾಲಿಗೆ ಬಂದಿತ್ತು. ಒಲ್ಲೆ ಎನ್ನಬಹುದಿತ್ತು, ಆದರೆ ಕಾರಣ ಹೇಳಬೇಕಿತ್ತಲ್ಲ. ಮಡಿಯಲ್ಲಿರುವಾಗ ಪಾಯಖಾನೆಗೆ ಹೋದರೆ ಮತ್ತೆ ತಲೆಗೆ ಸ್ನಾನ, ಮತ್ತೊಂದು ಮಡಿ ಸೀರೆ. ವಡೆಯ ಹಿಟ್ಟು ರುಬ್ಬುವ ಮೊದಲೇ ಒಣಗಿದ ಮಡಿ ಸೀರೆಗಳು ಮುಗಿದವು. ಒದ್ದೆ ಸೀರೆಯನ್ನೇ ಉಟ್ಟುಕೊಂಡು ಒಲೆಯ ಮುಂದೆ ನಿಂತೆ. ಹೊಟ್ಟೆ ಹಿಂಡುತ್ತಿತ್ತು. ಇನ್ನೊಮ್ಮೆ ಹೋದರೆ ಮನೆಯವರೆಲ್ಲ ಯಾಕೆಂದು ಕೇಳುತ್ತಾರೆ ಎಂದು ಹಲ್ಲು ಕಚ್ಚಿ ತಡೆದೆ.

ಹೊಸ್ತಿಲ ಬಳಿ ಮಣೆಯ ಮೇಲೆ ಕೂತಿದ್ದ ಅತ್ತೆ ನನ್ನ ಸೀರೆಯ ಹಿಂಭಾಗ ನೋಡಿದರು.

"ಏನಿದು? ಹೊರಗಾಗೀಯೇನು?"

ತಿರುಗಿ ನೋಡಿಕೊಂಡೆ. ಕಲೆ. ಪಡಸಾಲೆಯಲ್ಲಿ ಊಟಕ್ಕೆ ಬಂದ ಆಚಾರ್ಯರು, ಮೈದುನಂದಿರು, ಗಂಡ, ಎಲ್ಲರ ಮಾತೂ ನಿಂತಿತು. ಮುಟ್ಟಾದವಳು ಶ್ರಾದ್ಧದ ಅಡಿಗೆ ಮುಟ್ಟಿದರೆ ಅಷ್ಟೂ ಅಡಿಗೆ ಹಾಳು. ಅಲ್ಲ ಎಂದರೆ, ಮತ್ತೆ ಈ ರಕ್ತ ಎಲ್ಲಿಂದ ಎಂದು ಹೇಳಬೇಕು. ನಾನು ಹೂಂ ಎಂದು ತಲೆಯಾಡಿಸಿದೆ.

ಪಾಯಸ, ವಡೆ, ಹಾಗಲಕಾಯಿ ಪಲ್ಯ ಎಲ್ಲವನ್ನೂ ಹಿತ್ತಲಿಗೆ ಒಯ್ದು ದನದ ಮುಂದೆ ಸುರಿದರು. ಅತ್ತೆ ಮತ್ತೆ ಸ್ನಾನ ಮಾಡಿ, ನಡುಗುವ ಕೈಯಲ್ಲೇ ಮೊದಲಿನಿಂದ ಅಡಿಗೆಗೆ ನಿಂತರು. ವಡೆ ತಟ್ಟಿ ಎಣ್ಣೆಗೆ ಬಿಡುವಾಗ ಕೈ ಸುಟ್ಟುಕೊಂಡು "ಹಾ" ಎಂದದ್ದು ಹಿತ್ತಲ ಕೋಣೆಯಲ್ಲಿ ದೂರ ಕೂತಿದ್ದ ನನಗೆ ಕೇಳಿಸಿತು. ಮೂರು ದಿನ ಅಲ್ಲೇ ಕೂತೆ. ಪಾಯಖಾನೆ ಎರಡು ಹೆಜ್ಜೆ, ಎಷ್ಟು ಸಲ ಹೋದರೂ ಕೇಳುವವರಿಲ್ಲ. ಸುಖವಾಗಿತ್ತು. ಆ ಸುಖ ನೆನೆದರೆ ಇವತ್ತಿಗೂ ಮುಖ ಎತ್ತಲಾಗುವುದಿಲ್ಲ.

ವಾರಕ್ಕೆ ನಿಜವಾದ ಮುಟ್ಟೇ ಬಂತು. ಮುಚ್ಚಿಡಲು ಹೋಗಿ ಅತ್ತೆಯ ಕಣ್ಣಿಗೆ ಬಿದ್ದೆ.

"ಮತ್ತ ಅವತ್ತಿಂದು ಏನು?"

ಹೇಳಿದೆ. ನೆಲ ನೋಡುತ್ತಲೇ ಎಲ್ಲ ಹೇಳಿದೆ. ಅತ್ತೆ ಗೋಡೆಯ ಮೇಲಿನ ಮಾವನವರ ಫೋಟೋದತ್ತ ತಿರುಗಿದರು.

"ಅವರ ವರ್ಷದ ಅಡಿಗಿ ದನಕ್ಕ ಹಾಕಿಸಿದೆಲ್ಲ ನೀನು" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಎರಡು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಮುಂದಿನ ಸಲ ರಾಯಚೂರಿಗೆ ಹೊರಟಾಗ ಮಾತ್ರ ಯಾರೂ ಕರೆಯದೆಯೇ ನಮ್ಮ ಜೊತೆ ಬಸ್ಸು ಹತ್ತಿದರು. ಡಾಕ್ಟರ ಕೋಣೆಯಲ್ಲಿ ಅದೇ ಗೋಡೆ, ಬೇರೆ ನಾಲ್ಕು ಮಂದಿ. ನನ್ನ ಒಂದು ಪಕ್ಕ ಗಂಡ, ಇನ್ನೊಂದು ಪಕ್ಕ ಅತ್ತೆ. ಡಾಕ್ಟರು ಅದೇ ಪ್ರಶ್ನೆ ಕೇಳಿದರು. ನನ್ನ ನಾಲಿಗೆ ಮತ್ತೆ "ಎರಡು" ಎನ್ನಲು ಸಿದ್ಧವಾಯಿತು.

ಅತ್ತೆ ಎದ್ದು ನಿಂತರು. "ಎಲ್ಲಾರೂ ಒಂದೀಟು ಹೊರಗ ನಡೀರಿ. ಹೆಣ್ಮಗಳು ಮಾತಾಡಬೇಕು" ಎಂದರು. ಮಗನತ್ತ ತಿರುಗಿ, "ನೀನೂ ಏಳು."

ಡಾಕ್ಟರು ಕಕ್ಕಾಬಿಕ್ಕಿಯಾಗಿ ನೋಡುತ್ತಿದ್ದರು. ಎಲ್ಲರೂ ಹೋದ ಮೇಲೆ ಅತ್ತೆ ಬಾಗಿಲು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತರು.

"ಈಗ ಖರೇ ಹೇಳು. ನಾ ಕಿವಿ ಮುಚ್ಚಿಕೊಂಡೀನಿ."

ನಿಜವಾಗಿಯೂ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದರು. ನಾನು ಎಲ್ಲವನ್ನೂ ಹೇಳಿದೆ. ಹೇಳುವಷ್ಟು ಹೊತ್ತೂ, ಸುಟ್ಟ ಕಲೆಯಿದ್ದ ಆ ಕೈಗಳು ನಡುಗುತ್ತಲೇ ಇದ್ದವು. ಅವರಿಗೆ ಒಂದು ಮಾತೂ ತಪ್ಪದೆ ಕೇಳಿಸಿರಬೇಕು.