ಛತ್ರಿ ಕೊಳ್ಳದವನ ಅಂಗಡಿವಾಸ

ಪುಣೆಯ ಯಾವ ಮಹಡಿಯ ಮೇಲೆ ನಿಂತು ನೋಡಿದರೂ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಊರಿನ ಟಿವಿ ಡಿಶ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಕಡೆಗೆ ಮುಖ ಮಾಡಿ, ಆಗ್ನೇಯದಿಂದ ಯಾರೋ ನೆಂಟರು ಬರುವವರಿದ್ದಾರೆಂಬಂತೆ ಕಾದು ನಿಂತಿರುತ್ತವೆ. ಇಲ್ಲಿನವರು ಇದಕ್ಕೆ ಛತ್ರಿ ಎನ್ನುತ್ತಾರೆ. ಕನ್ನಡದಲ್ಲಿ ಅದು ಬೈಗುಳವೂ ಆಗುವುದರಿಂದ, ಒಂದು ಛತ್ರಿ ತರಬೇಕೆಂದಿದ್ದೇನೆ ಎಂದು ನಾನು ಪ್ರಕಟಿಸಿದಾಗ ನನ್ನ ಹೆಂಡತಿ ಸುಮನ್, "ಮನ್ಯಾಗ ಒಂದು ಅದ ಅಲ್ರೀ, ಮತ್ತೊಂದು ಯಾಕ?" ಎಂದಳು.

ಭೋಸರಿಯ ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ಯಂತ್ರಭಾಗಗಳ ಅಳತೆ ಪರೀಕ್ಷಿಸಿ ನಿವೃತ್ತನಾದ ನನಗೆ, ಮನೆಯಲ್ಲಿ ಕೂತ ಮೊದಲ ವಾರದಲ್ಲೇ ಅಂಗಾಲು ತುರಿಸತೊಡಗಿತ್ತು. ಆಕಾಶದಿಂದ ಉಚಿತವಾಗಿ ಸುರಿಯುವ ವಾಹಿನಿಗಳನ್ನು ಸ್ವಂತ ಕೈಯಿಂದ ಹಿಡಿಯುವುದೆಂಬ ಹವ್ಯಾಸ ಅಂಟಿಕೊಂಡದ್ದು ಆಗಲೇ. ಆದರೆ ಹಿಡಿಯುವ ಮೊದಲು ಸಲಕರಣೆ ಆರಿಸಬೇಕಲ್ಲ! ಡಿಶ್ ಎರಡಡಿಯದೋ ಆರಡಿಯದೋ, ಟಿವಿಗೆ ಜೋಡಿಸುವ ಡಬ್ಬಿ ಹಳೆಯ ಬಗೆಯದೋ ಹೊಸ ಬಗೆಯದೋ ಎಂದು ನೋಟುಪುಸ್ತಕದಲ್ಲಿ ಗೀಟೆಳೆದು ತುಲನೆ ಮಾಡುತ್ತ ಮೂರು ತಿಂಗಳು ಕಳೆದೆ. ದಿನ ಬಿಟ್ಟು ದಿನ ಬುಧವಾರ ಪೇಠೆಯ ಸಂಜಯನ ಅಂಗಡಿಗೆ ಹೋಗುತ್ತಿದ್ದೆ. ಒಂದು ಡಬ್ಬಿಯನ್ನು ಎತ್ತಿ, ತಿರುಗಿಸಿ, ಇನ್ನೇನು ಕಟ್ಟಿಕೊಡಿ ಎನ್ನಬೇಕು ಅನ್ನುವಷ್ಟರಲ್ಲಿ ಪಕ್ಕದ್ದು ಕಣ್ಣು ಹೊಡೆಯುತ್ತಿತ್ತು. ಕಾರ್ಖಾನೆಯಲ್ಲಿ ಕೂದಲೆಳೆಯ ವ್ಯತ್ಯಾಸಕ್ಕೂ ಮಾಲನ್ನು ತಿರಸ್ಕರಿಸುತ್ತಿದ್ದವನಿಗೆ ಸ್ವೀಕರಿಸುವ ವಿದ್ಯೆಯೇ ಮರೆತುಹೋಗಿತ್ತೋ ಏನೋ. ಸಂಜಯ ಸಜ್ಜನ. ಕೊನೆಗೆ ನನಗೊಂದು ಸ್ಟೂಲು ಹಾಕಿಸಿ, ತಾನಾಗಿ ಚಹಾ ತರಿಸಲಾರಂಭಿಸಿದ.

ಅಂಥ ಒಂದು ಮಧ್ಯಾಹ್ನ ಶಾಂತಮ್ಮ ಅಂಗಡಿಗೆ ಬಂದಳು. ಯಾದಗಿರಿ ಕಡೆಯವಳು, ಮೋಶಿಯಲ್ಲಿ ಏಳುತ್ತಿರುವ ಕಟ್ಟಡವೊಂದರಲ್ಲಿ ಗಂಡನ ಜೊತೆ ಕೆಲಸ. ಸಂಜಯ ಮರಾಠಿಯ ವಾಡಿಕೆಯಂತೆ ಅಕ್ಕ ಎಂಬರ್ಥದಲ್ಲಿ 'ತಾಈ' ಎಂದು ಕರೆದದ್ದೇ ತಡ, ಆಕೆ ನನ್ನ ಕಡೆ ತಿರುಗಿ, "ನನಗಿಂತ ದೊಡ್ಡಾಂವ, ನನಗ ತಾಯಿ ಅಂತಾನಲ್ರಿ!" ಎಂದು ಕನ್ನಡದಲ್ಲೇ ಬೆರಗಾದಳು. ನನ್ನ ಮುಖದ ಮೇಲೆ ಕನ್ನಡ ಎಂದು ಬರೆದಿತ್ತೇನೋ. ಅಂದಿನಿಂದ ನಾನು ದುಭಾಷಿಯಾದೆ.

ಆಕೆಯ ಗಂಡ ಭೀಮಣ್ಣ ಗೋಡೆ ಕಟ್ಟುವ ಗೌಂಡಿ. ಕಟ್ಟಡದ ಸಾರುವೆಯಿಂದ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ. "ಹಾಸಿಗಿ ಬಿಟ್ಟು ಏಳಬ್ಯಾಡ ಅಂದಾರ್ರಿ ಡಾಕ್ಟರ್. ಇಂವಾ ಒಂದ ಕಾಲಿನ ಮ್ಯಾಲ ಕೆಲಸಕ್ಕ ಹೊಂಟು ನಿಂದರ್ತಾನ. ನಿನ್ನೆ ಮತ್ತ ಬಿದ್ದಾನ. ಕಾಲು ಸೊಟ್ಟ ಕೂಡಿದ್ರ ಮತ್ತೆ ಮುರೀಬೇಕಾಗ್ತದ ಅಂದಾರ," ಎನ್ನುವಾಗ ಆಕೆಯ ಕಣ್ಣು ತುಂಬಿತು. ಗುತ್ತಿಗೆದಾರ ಒಂದು ಹಳೆಯ ಟಿವಿ ಕೊಟ್ಟಿದ್ದನಂತೆ. ಅದರಲ್ಲಿ ನಮ್ಮ ಮಾತು ಕೇಳಿಸಿದರೆ ಗಂಡ ಮಲಗಿಯಾನೆಂಬ ಆಸೆ.

ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಕನ್ನಡ ಬರೋದು ಯಾವುದ್ರಿ?"

ನಾನು ಕೈ ತೋರಿಸಿದೆ. ಎರಡಡಿಯ ಡಿಶ್ಶು, ಹೊಸ ಬಗೆಯ ಸಣ್ಣ ಡಬ್ಬಿ. ಆಕೆ ಕಟ್ಟಿಸಿಕೊಂಡಳು. ಸಂಜಯ ನನ್ನ ಸ್ಟೂಲು ತೋರಿಸಿ, ಮೂರು ಬೆರಳೆತ್ತಿ, ಮೂರು ತಿಂಗಳು ಎಂದು ಮರಾಠಿಯಲ್ಲಿ ಆಕೆಗೆ ಹೇಳಿ ನಕ್ಕ; ಅದೊಂದನ್ನು ಮಾತ್ರ ನಾನು ಅನುವಾದಿಸಲಿಲ್ಲ. ಮೂರು ತಿಂಗಳ ನನ್ನ ಸಂಶೋಧನೆ ಚಹಾ ಆರುವುದರೊಳಗೆ ಇತ್ಯರ್ಥವಾಗಿತ್ತು.

ಕೂಡಿಸಿಕೊಡಲು ಅಂದೇ ಆಕೆಯ ಜೊತೆ ಹೋದೆ. ತಗಡಿನ ಶೆಡ್ಡಿನ ಹೊರಸಿನ ಮೇಲೆ ಭೀಮಣ್ಣ ಮುಖ ಗಂಟಿಕ್ಕಿಕೊಂಡು ಕೂತಿದ್ದ. ಒಡೆದ ಬಕೆಟ್ಟಿನಲ್ಲಿ ಕಾಂಕ್ರೀಟು ತುಂಬಿ ಡಿಶ್ಶಿನ ಕಂಬ ನಿಲ್ಲಿಸಲು ನಾನು ಬಾಗಿಲ ಹೊರಗೆ ಹೆಣಗುತ್ತಿದ್ದರೆ, ಆತ ಸ್ವಲ್ಪ ಹೊತ್ತು ಸಹಿಸಿ, ನಂತರ ತಡೆಯಲಾರದೆ ಕೂಗಿದ.

"ನೀರು ಹೆಚ್ಚಾತ್ರಿ ಸಾಹೇಬ್ರ! ಅದೇನು ಅಂಬಲಿ ಏನ್ರಿ? ಏ ಶಾಂತಾ, ಇನ್ನೊಂದು ಪುಟ್ಟಿ ಉಸುಕು ಹಾಕು. ಕಂಬ ವಾಲೇದ, ತೂಕದ ಗುಂಡು ಹಿಡಿ!"

ದಾರಕ್ಕೆ ಕಟ್ಟಿದ ಗುಂಡನ್ನು ಹಿಡಿಸಿ, ಕೂತಲ್ಲಿಂದಲೇ ಒಂದು ಕಣ್ಣು ಮುಚ್ಚಿ, ಕಂಬ ಕೂದಲಷ್ಟೂ ಅಲುಗದಂತೆ ನಿಲ್ಲಿಸಿದ. ಅಳತೆಗಾರನಾದ ನಾನು ತಲೆಬಾಗಿದೆ. ಮರುದಿನ ಕಾಂಕ್ರೀಟು ಗಟ್ಟಿಯಾದ ಮೇಲೆ ಡಿಶ್ ತಿರುಗಿಸುತ್ತ ಹೋದಂತೆ ಆತ ಟಿವಿಯ ಮುಂದೆ ಕೂತು, "ಇಲ್ರಿ... ಇಲ್ರಿ... ಬಂತ್ರಿ! ಹೋತ್ರಿ! ಸ್ವಲ್ಪ ಹಿಂದಕ್ಕ... ಹಾಂ, ಮುಟ್ಟಬ್ಯಾಡ್ರಿ!" ಎಂದು ಅಪ್ಪಣೆ ಕೊಟ್ಟ. ಒಳಗಿನಿಂದ ಕನ್ನಡ ವಾರ್ತೆಯ ದನಿ ಬಂತು. ಶಾಂತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಭೀಮಣ್ಣ ದಿಂಬಿಗೆ ಒರಗಿ, ಪ್ಲಾಸ್ಟರಿನ ಕಾಲನ್ನು ತಾನಾಗಿಯೇ ಎತ್ತಿ ಹೊರಸಿನ ಮೇಲಿಟ್ಟ.

"ನಿಮ್ಮನ್ಯಾಗೂ ಇದ ಡಬ್ಬಿ ಅದ ಏನ್ರಿ?" ಎಂದು ಕೇಳಿದ.

"ಹೌದು, ಇದೇ," ಎಂದುಬಿಟ್ಟೆ. ಆ ಹೊತ್ತಿನಲ್ಲಿ ನಿಜ ಹೇಳಿದ್ದರೆ ಅವರಿಬ್ಬರ ಭರವಸೆ ಕೆಡುತ್ತಿತ್ತು ಎಂಬುದು ನಾನು ನನಗೇ ಕೊಟ್ಟುಕೊಂಡ ಸಮಜಾಯಿಷಿ.

ಬಸ್ಸಿನಲ್ಲಿ ಕೂತರೂ ಆ ಸುಳ್ಳು ಚುಚ್ಚುತ್ತಿತ್ತು. ಅದನ್ನು ನಿಜಮಾಡುವ ದಾರಿ ಒಂದೇ ಇತ್ತು. ಮರುದಿನ ಅಂಗಡಿ ತೆರೆಯುವ ಹೊತ್ತಿಗೇ ಹೋಗಿ, ಅದೇ ಡಿಶ್, ಅದೇ ಡಬ್ಬಿ ಕಟ್ಟಿಸಿದೆ. ಸಂಜಯ ಎರಡು ಸಲ ಖಚಿತಪಡಿಸಿಕೊಂಡ. ಆದರೆ ನಮ್ಮ ಮಹಡಿಯ ಮೇಲೆ ನಾನು ನೆಟ್ಟ ಕಂಬ ಗಾಳಿ ಬೀಸಿದಾಗಲೆಲ್ಲ ವಾಲುತ್ತಿತ್ತು. ದಿನಕ್ಕೆ ಹತ್ತು ಸಲ ಮೆಟ್ಟಿಲು ಹತ್ತಿ ಇಳಿದೆ. ಅಂಗಾಲಿನ ತುರಿಕೆ ಕಡಿಮೆಯಾಗಲಿಲ್ಲ.

ಪ್ಲಾಸ್ಟರ್ ತೆಗೆಸಿದ ಮೇಲೆ ಭೀಮಣ್ಣ ಕೋಲೂರಿಕೊಂಡು ಶಾಂತಮ್ಮನ ಜೊತೆ ನಮ್ಮ ಮನೆಗೆ ಬಂದ. ಕಾಲು ನೆಟ್ಟಗೆ ಕೂಡಿತ್ತು. ಬೇಡವೆಂದರೂ ಕೇಳದೆ, ನಿಧಾನವಾಗಿ ಮೆಟ್ಟಿಲು ಹತ್ತಿ ನನ್ನ ಕಂಬವನ್ನು ಕೀಳಿಸಿ ಮತ್ತೆ ನಿಲ್ಲಿಸಿದ. ಕೆಳಗೆ ಬಂದು ಸುಮನ್ ಕೊಟ್ಟ ಅವಲಕ್ಕಿ ತಿನ್ನುತ್ತ ರಿಮೋಟನ್ನು ಕೈಗೆತ್ತಿಕೊಂಡ. ಅದಕ್ಕೆ ಸುತ್ತಿದ ಹೊಸ ಪ್ಲಾಸ್ಟಿಕ್ಕು ಹಾಗೇ ಮಿರುಗುತ್ತಿತ್ತು.

"ಭೀಮಣ್ಣ, ಅವತ್ತು ನಾನು..."

"ಬಿಡ್ರಿ ಸಾಹೇಬ್ರ, ನನಗ ಅವತ್ತ ಗೊತ್ತಿತ್ತು," ಎಂದು ಆತ ಪ್ಲಾಸ್ಟಿಕ್ಕನ್ನು ಉಗುರಿನಿಂದ ಬಿಡಿಸುತ್ತ ಹೇಳಿದ. "ಮನ್ಯಾಗ ಡಬ್ಬಿ ಇದ್ದಾಂವ ಮೂರು ತಿಂಗಳು ಅಂಗಡ್ಯಾಗ ಕುಂಡರ್ತಾನೇನ್ರಿ?"